ಹಾಲು ಕೆಂಪಾಗುವ ತನಕ

ಮೊದಲ ದಿನ

ಕಾಡಿನೊಳಗೆ ಹೋಗಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ನಾನು ತಪ್ಪು ಮಾಡಿ ಮುಗಿಸಿದ್ದೆ. ಅದು ತಪ್ಪು ಅಂತ ಗೊತ್ತಾಗಿದ್ದು ರಾತ್ರಿಗೆ.

ಮಧ್ಯ ಯುರೋಪಿನ ಒಂದು ಬೆಟ್ಟದ ಕಾಡು ಅದು. ಸೆಪ್ಟೆಂಬರ್ ಕೊನೆಯ ವಾರ. ಒಂದು ವಾರ ಬಿಡದೆ ಸುರಿದ ಮಳೆ ಎರಡು ದಿನದಿಂದ ಬಿಡುವು ಕೊಟ್ಟಿತ್ತು. ನೆಲ ಒದ್ದೆ, ಗಾಳಿ ತಣ್ಣಗೆ. ಅಣಬೆ ಏಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ನಾವು ಮೂವರು: ಅಕ್ಕ, ಭಾವ, ನಾನು. ಅಕ್ಕ ಸಸ್ಯಶಾಸ್ತ್ರದ ಪಾಠ ಹೇಳಿದವಳು, ಮರ ಕಂಡರೆ ನಿಂತುಬಿಡುತ್ತಾಳೆ. ಭಾವನಿಗೆ ಕ್ಯಾಮೆರಾ, ಅವರು ಬೆಳಕು ಕಂಡಲ್ಲಿ ನಿಲ್ಲುತ್ತಾರೆ. ನನಗೆ ನೆಲದ ಮೇಲೆ ಕಣ್ಣು. ಹಾಗಾಗಿ ಸ್ವಲ್ಪ ಹೊತ್ತಿಗೇ ನಾನು ಮುಂದೆ, ಅವರಿಬ್ಬರೂ ಹಿಂದೆ.

ಒಣಗಿದ ಸೂಜಿ ಎಲೆಗಳ ಹಾಸಿನ ನಡುವೆ ಏನೋ ಕಿತ್ತಳೆ ಬಣ್ಣ. ಮೊದಲು ಯಾರೋ ಬಿಸಾಡಿದ ಕ್ಯಾರೆಟ್ ಚೂರು ಅಂದುಕೊಂಡೆ. ಬಗ್ಗಿ ನೋಡಿದರೆ ಅಣಬೆ. ಟೋಪಿ ಅಂಗೈಯಷ್ಟು ಅಗಲ, ನಡುವೆ ತಗ್ಗು, ಅಂಚು ಒಳಕ್ಕೆ ಮಡಚಿಕೊಂಡಿದೆ. ಟೋಪಿಯ ಮೇಲೆ ನೀರಿಗೆ ಕಲ್ಲು ಹಾಕಿದಾಗ ಏಳುವಂಥ ಉಂಗುರಗಳು, ಒಂದು ತಿಳಿ, ಒಂದು ಗಾಢ. ಅಲ್ಲಲ್ಲಿ ಪಾಚಿ ಹತ್ತಿದಂಥ ಹಸಿರು ಕಲೆ. ಟೋಪಿಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಸಾಲಾಗಿರುವ ತೆಳು ಪದರಗಳು, ಅಂದರೆ ಕಿವಿರುಗಳೂ ಕಿತ್ತಳೆಯೇ. ಕತ್ತಿಯ ತುದಿ ತಾಗಿಸಿದೆ. ಗಾಯದಿಂದ ಹನಿ ಹನಿಯಾಗಿ ಕ್ಯಾರೆಟ್ ರಸದಂಥ ಹಾಲು ಒಸರಿತು.

ಪುಸ್ತಕದಲ್ಲಿ ನೂರು ಸಲ ನೋಡಿದ್ದೆ. ಲ್ಯಾಕ್ಟೇರಿಯಸ್ ಡೆಲಿಸಿಯೋಸಸ್. ಕೇಸರಿ ಹಾಲಿನ ಅಣಬೆ ಅಂತ ಕರೆಯೋಣ. ಪೈನ್ ಮರದ ಜೊತೆ ಬೆಳೆಯುವುದು. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದಕ್ಕೆ ಹೆಸರಿಟ್ಟಾಗಲೇ ಆ ಹೆಸರಿನಲ್ಲಿ ‘ರುಚಿಕರ’ ಅನ್ನುವ ಮಾತು ಸೇರಿಸಿಬಿಟ್ಟ. ಸುತ್ತ ನೋಡಿದೆ, ಕೆಂಪು ತೊಗಟೆಯ ಪೈನ್ ಮರಗಳು ಕಂಡವು. ಸಾಕು ಅನ್ನಿಸಿತು. ಇನ್ನು ಸ್ವಲ್ಪ ದೂರದಲ್ಲಿ ಎರಡು, ದಾರಿಯ ತಿರುವಿನಲ್ಲಿ ಮೂರು, ಇಳಿಜಾರಿನಲ್ಲಿ ಮತ್ತೊಂದು. ಒಟ್ಟು ಏಳನ್ನು ಒಂದೇ ಬುಟ್ಟಿಗೆ ಹಾಕಿಕೊಂಡೆ. ತಪ್ಪು ಅಂದೆನಲ್ಲ, ಇದೇ ಅದು.

ರಾತ್ರಿ ಉಳಿದುಕೊಂಡ ಮನೆಯ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ, ಏಳನ್ನೂ ಉದ್ದಕ್ಕೆ ಸೀಳಿ ಸಾಲಾಗಿ ಇಟ್ಟೆ. ಅಕ್ಕನಿಗೆ ತೋರಿಸಿ ಜಂಬ ಕೊಚ್ಚುವುದಿತ್ತು. ಅವಳು ಬರುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಬಂದವಳೇ ಕೇಳಿದಳು:

“ಇವೆಲ್ಲ ಒಂದೇ ಅಂದೆಯಲ್ಲ?”

“ಹೂಂ, ಒಂದೇ.”

“ಸರಿಯಾಗಿ ನೋಡೋ.”

ನೋಡಿದೆ. ಎರಡು ಅಣಬೆಗಳ ಸೀಳು ಇನ್ನೂ ಕ್ಯಾರೆಟ್ ಬಣ್ಣದಲ್ಲೇ ಇತ್ತು. ನಾಲ್ಕರದ್ದು ನೇರಳೆ ಹಣ್ಣು ಹಿಂಡಿದ ಹಾಗೆ ಕಡುಗೆಂಪಾಗಿತ್ತು. ಏಳನೆಯದರಲ್ಲಿ ಹಾಲೇ ಬಂದಿರಲಿಲ್ಲ. ಅದರ ಕೆಳಭಾಗವೂ ವಿಚಿತ್ರ. ಕಿವಿರುಗಳ ಮೇಲೆ ಯಾರೋ ಗಾರೆ ಮೆತ್ತಿದಂತೆ ನುಣ್ಣಗಿತ್ತು.

“ಯಾವ ಮರದ ಕೆಳಗೆ ಕಿತ್ತೆ?”

“ಪೈನ್.”

“ಏಳೂ?”

ನಾನು ಸುಮ್ಮನಾದೆ. ಭಾವ ಆ ಕಡೆಯಿಂದ, “ಇವನು ಮೇಲೆ ನೋಡೇ ಇಲ್ಲ ಕಣೇ, ಫೋಟೋದಲ್ಲೆಲ್ಲ ಇವನ ಬೆನ್ನೇ ಇದೆ,” ಅಂದರು.

ಎರಡನೆಯ ದಿನ

ಬೆಳಗ್ಗೆ ಎದ್ದು ನೋಡಿದರೆ ಕೆಂಪಾಗಿದ್ದ ಸೀಳುಗಳ ಅಂಚು ಹಸಿರಾಗಿತ್ತು. ನನ್ನ ಬೆರಳ ಸಂದಿಯಲ್ಲೂ ಹಸಿರು. ಈ ಗುಂಪಿನ ಅಣಬೆಗಳಲ್ಲಿ ಬಣ್ಣ ಕೊಡುವ ವಸ್ತುಗಳು ಗಾಳಿ ತಾಗಿದೊಡನೆ ಬದಲಾಗುತ್ತಾ ಹೋಗುತ್ತವೆ. ಹಾಗಾಗಿ ಹಸಿರು ಕಲೆ ಕಂಡು ಕೊಳೆತಿದೆ ಅಂದುಕೊಳ್ಳಬೇಕಿಲ್ಲ. ಆದರೆ ಹಸಿರು ಕಂಡಿತು ಅಂತ ಜಾತಿಯನ್ನೂ ಹೇಳಲಾಗದು, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಹಸಿರಾಗುತ್ತವೆ. ಬೇಕಾಗಿರುವುದು ಕೊಯ್ದ ಮೇಲಿನ ಮೊದಲ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಹಾಲು ಯಾವ ಬಣ್ಣಕ್ಕೆ ತಿರುಗುತ್ತದೆ, ಎಷ್ಟು ನಿಮಿಷಕ್ಕೆ ತಿರುಗುತ್ತದೆ, ಅದನ್ನು ಕೂತು ನೋಡಬೇಕು.

ಅಕ್ಕ ಆ ದಿನ ಮೂರು ಕಾಗದದ ಚೀಲ ತಂದಿದ್ದಳು. ಒಂದರ ಮೇಲೆ ಪೈನ್, ಒಂದರ ಮೇಲೆ ಸ್ಪ್ರೂಸ್, ಒಂದರ ಮೇಲೆ ಫರ್ ಅಂತ ಬರೆದಿದ್ದಳು. “ಇವತ್ತು ಅಣಬೆಗೆ ಮುಂಚೆ ಮರ,” ಅಂದಳು. ಬೆಳಗ್ಗೆ ಪೂರ್ತಿ ಅಣಬೆ ಮುಟ್ಟಲು ಬಿಡಲಿಲ್ಲ.

ನನಗೆ ಅಲ್ಲಿಯವರೆಗೆ ಸೂಜಿ ಎಲೆಯ ಮರವೆಂದರೆ ಎಲ್ಲ ಒಂದೇ. ನಿಜ ಹೇಳಬೇಕೆಂದರೆ ಎಲ್ಲವನ್ನೂ ಪೈನ್ ಅನ್ನುತ್ತಿದ್ದೆ. ಅಕ್ಕ ಒಂದು ರೆಂಬೆ ಎಳೆದು ತೋರಿಸಿದಳು. ಪೈನ್‌ನ ಸೂಜಿಗಳು ಒಂಟಿಯಾಗಿರುವುದಿಲ್ಲ. ಬುಡದಲ್ಲಿ ಕಟ್ಟಿದಂತೆ ಎರಡು, ಮೂರು ಇಲ್ಲವೇ ಐದರ ಗೊಂಚಲು. ಆ ಕಾಡಿನ ಪೈನ್‌ನಲ್ಲಿ ಎರಡೆರಡು ಇದ್ದವು. ಸ್ಪ್ರೂಸ್‌ನ ಸೂಜಿ ಒಂಟಿ, ನಾಲ್ಕು ಮೂಲೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದರೆ ಸುಲಭವಾಗಿ ಉರುಳುತ್ತದೆ. ಅದು ಉದುರಿದ ಮೇಲೂ ಒಂದು ಪುಟ್ಟ ಮೊಳೆ ರೆಂಬೆಯಲ್ಲೇ ಉಳಿಯುತ್ತದೆ. ಬೋಳಾದ ಸ್ಪ್ರೂಸ್ ರೆಂಬೆ ಸವರಿದರೆ ಅರದ ಹಾಗೆ ಒರಟು. ಫರ್‌ನ ಸೂಜಿ ಚಪ್ಪಟೆ, ಉರುಳುವುದಿಲ್ಲ. ಅದರ ಹಿಂಬದಿಗೆ ಎರಡು ಬಿಳಿ ಗೆರೆ. ಕಿತ್ತರೆ ರೆಂಬೆಯ ಮೇಲೆ ದುಂಡನೆಯ ಗುರುತು ಮಾತ್ರ ಉಳಿಯುತ್ತದೆ, ರೆಂಬೆ ನಯ.

ಕಣ್ಣು ಮುಚ್ಚಿಸಿ ರೆಂಬೆ ಕೈಗಿಟ್ಟು ಪರೀಕ್ಷೆಯನ್ನೂ ಮಾಡಿದಳು. ಮೂರನೇ ಸಲಕ್ಕೆ ಪಾಸಾದೆ. ಭಾವ ಮೊದಲ ಸಲವೇ ಪಾಸು. ಮದುವೆಯಾಗಿ ಹದಿನೈದು ವರ್ಷ ಇದನ್ನೇ ಕೇಳಿದ್ದಾರಂತೆ.

ನೆಲದ ಮೇಲೆ ಬಿದ್ದಿರುವ ಕೋನ್‌ಗಳೂ, ಅಂದರೆ ಈ ಮರಗಳ ಬೀಜ ಹೊತ್ತ ಪದರ ಪದರದ ಕಾಯಿಗಳೂ, ಸುಳಿವು ಕೊಡುತ್ತವೆ, ಆದರೆ ಅಲ್ಲೊಂದು ಮೋಸ ಇದೆ. ಸ್ಪ್ರೂಸ್‌ನ ಉದ್ದನೆಯ ಕೋನ್ ಕೊಂಬೆಯಿಂದ ಕೆಳಕ್ಕೆ ಜೋತಾಡಿ ಇಡಿಯಾಗಿ ಬೀಳುತ್ತದೆ. ಫರ್‌ನದ್ದು ಮೇಲ್ಮುಖವಾಗಿ ನಿಂತು, ಮರದ ಮೇಲೇ ಪದರ ಪದರವಾಗಿ ಉದುರುತ್ತದೆ. ಹಾಗಾಗಿ ನೆಲದ ಮೇಲೆ ಇಡೀ ಕೋನ್ ಇಲ್ಲ ಅಂದರೆ ಫರ್ ಮರ ಇಲ್ಲ ಅಂತಲ್ಲ. ತಲೆ ಎತ್ತಿ ನೋಡಲೇಬೇಕು.

ಹಿಂದಿನ ದಿನ ಮೊದಲ ಅಣಬೆ ಸಿಕ್ಕಿದ ಜಾಗಕ್ಕೆ ಹೋದೆವು. ಸುತ್ತ ಮೂವತ್ತು ಹೆಜ್ಜೆ ಅಳೆದು ನೋಡಿದಳು. ಪೈನ್ ಬಿಟ್ಟು ಬೇರೇನೂ ಇಲ್ಲ. ಅಲ್ಲೇ ಹೊಸದೊಂದು ಎದ್ದಿತ್ತು. ಕಾಂಡವನ್ನು ಬುಡದಿಂದ ಎಬ್ಬಿಸಿ ಅಡ್ಡಕ್ಕೆ ಮುರಿದೆ. ಪಟ್ ಅಂತ ಸೀಮೆಸುಣ್ಣದ ಹಾಗೆ ಮುರಿಯಿತು. ನಾರು ನಾರಾಗಿ ಸೀಳಲಿಲ್ಲ. ಇದು ಈ ಕುಲದ ಮೊದಲ ಗುರುತು. ಬೇರೆ ಅಣಬೆಗಳ ಮೈ ಪೂರ್ತಿ ಉದ್ದನೆಯ ಎಳೆಗಳಿಂದ ಆಗಿರುತ್ತದೆ. ಲ್ಯಾಕ್ಟೇರಿಯಸ್ ಮತ್ತು ಅದರ ನೆಂಟ ರುಸುಲಾದ ಮೈಯಲ್ಲಿ ಎಳೆಗಳ ನಡುವೆ ದುಂಡನೆಯ ಕೋಶಗಳ ಗುಂಪು ತುಂಬಿರುತ್ತದೆ. ಅದಕ್ಕೇ ಈ ಪುಡಿಪುಡಿ ಗುಣ. ರುಸುಲಾಗೆ ಹಾಲಿಲ್ಲ, ಇದಕ್ಕೆ ಇದೆ.

ಕಾಂಡದ ಮೇಲೆ ಸಿಡುಬಿನ ಕಲೆಯಂತೆ ಕಿತ್ತಳೆ ಬಣ್ಣದ ಗುಳಿಗಳಿದ್ದವು. ಭಾವ ಮೊಬೈಲಿನಲ್ಲಿ ಗಡಿಯಾರ ಹಚ್ಚಿದರು. ಐದು ನಿಮಿಷ, ಹತ್ತು, ಇಪ್ಪತ್ತು, ಮೂವತ್ತು. ಹಾಲು ಕ್ಯಾರೆಟ್ ಬಣ್ಣ ಬಿಡಲಿಲ್ಲ. ಪೈನ್ ಮರ, ಗುಳಿ ಬಿದ್ದ ಕಾಂಡ, ಎದ್ದು ಕಾಣುವ ಉಂಗುರ, ಬಣ್ಣ ಬಿಡದ ಹಾಲು. ಇದು ಡೆಲಿಸಿಯೋಸಸ್ಸೇ. ಪೈನ್ ಚೀಲಕ್ಕೆ ಹೋಯಿತು.

ಮುಂದಿನದು ದಾರಿಯ ತಿರುವು. ನಿನ್ನೆ ಮೂರು ಸಿಕ್ಕಿದ್ದು ಇಲ್ಲೇ. ಪಕ್ಕದಲ್ಲೇ ದೊಡ್ಡದೊಂದು ಪೈನ್, ಅದರ ಬುಡಕ್ಕೆ ಒಂದೂವರೆ ಮೀಟರ್ ದೂರದಲ್ಲಿ ಇವತ್ತೂ ಎರಡು ಅಣಬೆ. ಕೊಯ್ದು ಕೂತೆವು. ಹದಿನೈದು ನಿಮಿಷಕ್ಕೆ ಹಾಲಿನ ಅಂಚು ಕೆಂಪಾಗತೊಡಗಿತು. ಇಪ್ಪತ್ತೈದಕ್ಕೆ ಪೂರ್ತಿ ಕಡುಗೆಂಪು.

“ನೋಡು, ಇಲ್ಲೂ ಪೈನೇ ಇದೆ,” ಅಂದೆ. ನನಗೆ ಒಳಗೊಳಗೇ ಖುಷಿ, ನಿನ್ನೆಯ ಅವಮಾನ ಸ್ವಲ್ಪ ತೀರಿತು ಅಂತ.

ಅಕ್ಕ ಉತ್ತರ ಕೊಡಲಿಲ್ಲ. ಪೈನ್ ಜೊತೆಗೂ ಕೆಂಪಾಗುವ ಹಾಲಿನ ಜಾತಿಗಳಿವೆ, ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಸೆಮಿಸ್ಯಾಂಗ್ವಿಫ್ಲೂಸ್ ಅನ್ನುವುದರ ಹಾಲು ಐದೆಂಟು ನಿಮಿಷದಲ್ಲೇ ಕೆಂಪಾಗುತ್ತದೆ. ಸ್ಯಾಂಗ್ವಿಫ್ಲೂಸ್‌ನ ಹಾಲು ಕೊಯ್ದ ಗಳಿಗೆಯಿಂದಲೇ ಕೆಂಪು. ನಮ್ಮದು ಹದಿನೈದು ನಿಮಿಷದ ನಂತರ ತಿರುಗಿದ್ದು. ಅವಳು ಮೊಣಕಾಲೂರಿ ಎಲೆಹಾಸನ್ನು ಬೆರಳಿನಿಂದ ನಿಧಾನವಾಗಿ ಸರಿಸತೊಡಗಿದಳು. ಮೇಲೆ ಜೋಡಿ ಸೂಜಿಗಳು. ಅವುಗಳ ಕೆಳಗೆ ಒಂಟಿ, ಗಿಡ್ಡ ಸೂಜಿಗಳು. ಎತ್ತಿ ಬೆರಳ ನಡುವೆ ಉರುಳಿಸಿದಳು. ಉರುಳಿತು.

ಆಗ ನಾವು ಮೂವರೂ ತಲೆ ಎತ್ತಿ ಹಿಂದಕ್ಕೆ ತಿರುಗಿದೆವು. ಪೈನ್‌ನ ಹಿಂದೆ, ಐದಾರು ಮೀಟರ್ ಆಚೆ, ಒಂದು ಎತ್ತರದ ಸ್ಪ್ರೂಸ್ ನಿಂತಿತ್ತು. ಮರದ ಬೇರು ಕೊಂಬೆಗಳ ನೆರಳನ್ನೂ ದಾಟಿ ಹೋಗುತ್ತದೆ. ಅಣಬೆ ಹತ್ತಿರದ ಮರದ್ದೇ ಆಗಬೇಕೆಂದಿಲ್ಲ, ಅಲ್ವಾ?

ಆದರೂ ಇದು ಬರೀ ಅನುಮಾನ. ತೀರ್ಪು ಕೊಟ್ಟಿದ್ದು ಬೇರು. ಅಣಬೆಯ ಬುಡದ ಮಣ್ಣನ್ನು ಇನ್ನೂ ಸ್ವಲ್ಪ ಬಿಡಿಸಿದಾಗ ಕೂದಲಿನಷ್ಟು ತೆಳುವಾದ ಬೇರಿನ ತುದಿಗಳು ಕಂಡವು. ಅವು ಗಿಡ್ಡವಾಗಿ ಊದಿಕೊಂಡು, ಕಿತ್ತಳೆ ಬಣ್ಣದ ಗವಸು ತೊಟ್ಟ ಹಾಗಿದ್ದವು. ಕೆಲವು ಹಸಿರಿಗೆ ತಿರುಗಿದ್ದವು. ಆ ಗವಸು ಅಣಬೆಯದ್ದೇ. ಅದು ಬೇರಿನ ತುದಿಯನ್ನು ಸುತ್ತಿಕೊಂಡು ಮಣ್ಣಿನಿಂದ ನೀರು, ರಂಜಕ, ಸಾರಜನಕ ತಂದುಕೊಡುತ್ತದೆ. ಮರ ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ಈ ಜೋಡಿಗೆ ‘ಮೈಕೊರೈಜಾ’ ಅಂತ ಹೆಸರಿಟ್ಟವನು ಜರ್ಮನಿಯ ಎ. ಬಿ. ಫ್ರಾಂಕ್, 1885ರಲ್ಲಿ. ಅವನನ್ನು ಈ ಕೆಲಸಕ್ಕೆ ಹಚ್ಚಿದ್ದು ಪ್ರಶ್ಯಾದ ಸರಕಾರ. ಅವರಿಗೆ ಬೇಕಾಗಿದ್ದು ನೆಲದಡಿ ಏಳುವ ದುಬಾರಿ ಅಣಬೆಯಾದ ಟ್ರಫಲ್ ಬೆಳೆಯುವ ದಾರಿ. ಟ್ರಫಲ್ ಅವನ ಕೈಗೆ ಬರಲಿಲ್ಲ, ಕಾಡಿನ ಗುಟ್ಟು ಬಂತು. ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಲ್ಲಿ ಹೊರಗಿನಿಂದ ತಂದ ಪೈನ್ ಸಸಿಗಳು ಏನು ಮಾಡಿದರೂ ಏಳಲಿಲ್ಲವಂತೆ. ಕೊನೆಗೆ ಪೈನ್ ಕಾಡಿನ ಮಣ್ಣನ್ನು, ಅಂದರೆ ಅದರೊಳಗಿನ ಶಿಲೀಂಧ್ರವನ್ನು, ತಂದು ಬೆರೆಸಿದ ಮೇಲೆ ಬೆಳೆದವು.

ಮತ್ತೆ ಆ ಬೇರಿಗೆ ಬರೋಣ. ಅಣಬೆ ಸುತ್ತಿಕೊಂಡ ಪೈನ್ ಬೇರಿನ ತುದಿ ಕವಲೊಡೆಯುವ ರೀತಿಯೇ ಬೇರೆ. ಕವಣೆಯ ಕೋಲಿನ ಹಾಗೆ ಸರಿಯಾಗಿ ಎರಡಾಗುತ್ತದೆ, ಆ ಎರಡು ಮತ್ತೆ ಎರಡೆರಡಾಗುತ್ತವೆ. ಸ್ಪ್ರೂಸ್ ಹಾಗಲ್ಲ. ನಡುವೆ ಒಂದು ದಂಟು, ಅದರ ಅಕ್ಕಪಕ್ಕ ಹಕ್ಕಿಯ ಗರಿಯ ಎಳೆಗಳಂತೆ ಕವಲು. ಅಕ್ಕ ಭೂತಗನ್ನಡಿ ಕೊಟ್ಟಳು. ನಾನು ಬಹಳ ಹೊತ್ತು ಕವಣೆ ಹುಡುಕಿದೆ. ಎಲ್ಲ ಗರಿಯೇ.

ಮತ್ತೆ ಅಣಬೆಯನ್ನು ಕೈಗೆತ್ತಿಕೊಂಡರೆ, ಗೊತ್ತಾದ ಮೇಲೆ ಎಲ್ಲವೂ ಕಾಣುತ್ತದೆ ಅನ್ನುತ್ತಾರಲ್ಲ, ಹಾಗೆ ಆಯಿತು. ಕಾಂಡದಲ್ಲಿ ಗುಳಿ ಇಲ್ಲ. ಕಿವಿರುಗಳು ಶುರುವಾಗುವ ಜಾಗದ ಕೆಳಗೆ ಕಾಂಡಕ್ಕೆ ತೆಳ್ಳನೆಯ ಬಿಳಿ ಪಟ್ಟಿ. ಟೋಪಿಯ ಉಂಗುರ ಮಸುಕು, ಹಸಿರು ಜಾಸ್ತಿ. ಲ್ಯಾಕ್ಟೇರಿಯಸ್ ಡಿಟೆರಿಮಸ್. ಬಹಳ ಕಾಲ ಇದನ್ನೂ ಡೆಲಿಸಿಯೋಸಸ್ ಜೊತೆ ಸೇರಿಸಿ ಕರೆಯುತ್ತಿದ್ದರು. 1968ರಲ್ಲಿ ಅಣಬೆ ತಜ್ಞ ಗ್ರೋಗರ್ ಬೇರೆ ಜಾತಿ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಡಿಟೆರಿಮಸ್ ಎಂದರೆ ‘ಎಲ್ಲಕ್ಕಿಂತ ಕಳಪೆ’. ಅಣ್ಣ ರುಚಿಕರ, ತಮ್ಮ ಕಳಪೆ. ಪಾಪ, ಅದರ ಬಗ್ಗೆ ನನಗೆ ಸ್ವಲ್ಪ ಮರುಕವೂ ಆಯಿತು.

ಫರ್ ಮರದ ಚೀಲ ಖಾಲಿಯಾಗೇ ಮರಳಿತು. ಫರ್ ಜೊತೆ ಬೆಳೆಯುವ ಸಾಲ್ಮೊನಿಕಲರ್ ಅನ್ನುವ ಕಿತ್ತಳೆ ಅಣಬೆ ಸಿಗಬಹುದು ಅಂತ ಸಂಜೆಯವರೆಗೆ ಹುಡುಕಿದೆವು. ಸಿಗಲಿಲ್ಲ.

ಮೂರನೆಯ ದಿನ

ಮಳೆ. ಹೊರಗೆ ಹೋಗುವ ಹಾಗೇ ಇರಲಿಲ್ಲ.

ಹಿಂದಿನ ರಾತ್ರಿ ಎರಡೂ ಜಾತಿಯ ಒಂದೊಂದು ಟೋಪಿಯನ್ನು ಗಾಜಿನ ತುಂಡಿನ ಮೇಲೆ ಕಿವಿರು ಕೆಳಗಾಗಿ ಇಟ್ಟು, ಮೇಲೆ ಲೋಟ ಬೋರಲು ಹಾಕಿದ್ದೆವು. ಬೆಳಗ್ಗೆ ಎತ್ತಿದರೆ ಗಾಜಿನ ಮೇಲೆ ಕಿವಿರಿನ ಚಿತ್ರ ಬಿದ್ದಿತ್ತು. ಅಣಬೆಯ ಬೀಜದಂಥ ಪುಡಿ, ಅಂದರೆ ಬೀಜಕಗಳು, ಒಂದೊಂದಾಗಿ ಉದುರಿ ಬರೆದ ಚಿತ್ರ. ಗಾಜು ಒಳ್ಳೆಯದು, ಅಡಿಗೆ ಬಿಳಿ ಕಾಗದ, ಕಪ್ಪು ಕಾಗದ ಬದಲಿಸಿ ನೋಡಬಹುದು. ಎರಡರ ಪುಡಿಯೂ ತಿಳಿ ಕೆನೆ ಬಣ್ಣ. ಅಂದರೆ ಇಲ್ಲಿ ಬೀಜಕದ ಬಣ್ಣದಿಂದ ಇವೆರಡನ್ನು ಬೇರೆ ಮಾಡಲಾಗದು.

ಹಾಗಾದರೆ ಇದೆಲ್ಲ ಯಾಕೆ ಅಂತ ಭಾವ ಕೇಳಿದರು. ಅಕ್ಕ ಅದಕ್ಕೆ ಕಾಯುತ್ತಿದ್ದಳು ಅನ್ನಿಸುತ್ತದೆ.

“ರೀ, ಈ ಪುಡಿ ತುಕ್ಕಿನ ಬಣ್ಣಕ್ಕೆ ಬಿದ್ದಿದ್ದರೆ ಏನು ಮಾಡುತ್ತಿದ್ದಿರಿ?”

ಇಂಥದೇ ಒದ್ದೆ ಸೂಜಿಮರದ ಕಾಡಿನಲ್ಲಿ, ಪಾಚಿಯ ನಡುವೆ, ಕಿತ್ತಳೆ ಕಂದು ಬಣ್ಣದ ಇನ್ನೊಂದು ಅಣಬೆ ಏಳುತ್ತದೆ. ಕಾರ್ಟಿನೇರಿಯಸ್ ರುಬೆಲ್ಲಸ್. ಅದಕ್ಕೆ ಹಾಲಿಲ್ಲ, ಕಾಂಡ ನಾರು, ಬೀಜಕ ತುಕ್ಕಿನ ಬಣ್ಣ. ಎಳೆಯದರಲ್ಲಿ ಟೋಪಿಯ ಅಂಚಿನಿಂದ ಕಾಂಡಕ್ಕೆ ಜೇಡರ ಬಲೆಯಂಥ ತೆರೆ ಇರುತ್ತದೆ. ಅದರಲ್ಲಿರುವ ಓರೆಲ್ಲನಿನ್ ಅನ್ನುವ ವಿಷ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಹೆದರಿಕೆಯ ವಿಷಯವೆಂದರೆ ತಿಂದವರಿಗೆ ಅಂದೇ ಏನೂ ಆಗುವುದಿಲ್ಲ. ತೊಂದರೆ ಕಾಣಿಸುವುದು ಎರಡು ಮೂರು ದಿನಕ್ಕೆ, ಕೆಲವೊಮ್ಮೆ ಎರಡು ವಾರಕ್ಕೆ. ಅಷ್ಟು ಹೊತ್ತಿಗೆ ತಿಂದದ್ದೇ ಮರೆತಿರುತ್ತದೆ. 1950ರ ದಶಕದಲ್ಲಿ ಪೋಲೆಂಡಿನಲ್ಲಿ ಇದರ ಹತ್ತಿರದ ನೆಂಟ ಕಾರ್ಟಿನೇರಿಯಸ್ ಓರೆಲ್ಲಾನಸ್ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಕೆಲವರು ಸತ್ತರು. ಅಣಬೆಗೂ ಆ ಕಾಯಿಲೆಗೂ ಇರುವ ನಂಟು ಸರಿಯಾಗಿ ತಿಳಿದದ್ದೇ ಆಗ.

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ನಾವು ಒಂದನ್ನೂ ತಿನ್ನುತ್ತಿಲ್ಲ ತಾನೇ?” ಅಂದರು. ಇಲ್ಲ. ಮೂರು ದಿನದ ಕಲಿಕೆ ನಂಬಿ ಬಾಯಿಗೆ ಹಾಕುವ ಧೈರ್ಯ ನನಗಿಲ್ಲ. ಎಷ್ಟೋ ವರ್ಷ ಕಾಡು ತಿರುಗಿದವರು ಪಕ್ಕದಲ್ಲಿ ನಿಂತು ಹೌದು ಅನ್ನುವವರೆಗೆ ಫೋಟೋ ಹೋಲಿಸಿ, ಆ್ಯಪ್ ನೋಡಿ ತಿನ್ನುವುದು ಹುಚ್ಚು ಅನ್ನುವುದು ನನ್ನ ಅಭಿಪ್ರಾಯ. ಆ್ಯಪಿಗೆ ಚಿತ್ರ ತೋರಿಸಬಹುದು. ಅರ್ಧ ಗಂಟೆ ಕಾಯುವುದನ್ನು ಹೇಗೆ ತೋರಿಸುವುದು?

ಮಧ್ಯಾಹ್ನ ಏಳನೆಯ ಅಣಬೆಯ ಸರದಿ. ಗಾರೆ ಮೆತ್ತಿದಂಥ ಅದರ ಕೆಳಭಾಗ ಮೊದಲ ದಿನ ಬಿಳಿಯಾಗಿತ್ತು, ಈಗ ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಭೂತಗನ್ನಡಿ ಹಿಡಿದರೆ ಗಾರೆಯ ತುಂಬ ಗುಂಡುಸೂಜಿಯ ತುದಿಯಷ್ಟು ಚುಕ್ಕಿಗಳು. ಅಣಬೆಯ ಮೇಲೆ ಬೆಳೆಯುವ ಇನ್ನೊಂದು ಶಿಲೀಂಧ್ರ ಅದು, ಹೈಪೊಮೈಸಿಸ್ ಲ್ಯಾಟರಿಟಿಯಸ್. ಹೆಸರಿನ ಅರ್ಥವೇ ಇಟ್ಟಿಗೆ ಬಣ್ಣದ್ದು. ಕಿತ್ತಳೆ ಹಾಲಿನ ಅಣಬೆಗಳ ಕಿವಿರಿನ ಮೇಲೆ ಹರಡಿ, ಅವು ಬೆಳೆಯದಂತೆ ಮುಚ್ಚಿಹಾಕುತ್ತದೆ. ಹಾಲು ಬಾರದ್ದಕ್ಕೂ, ಮೈ ಗಟ್ಟಿಯಾಗಿದ್ದಕ್ಕೂ ಕಾರಣ ಸಿಕ್ಕಿತು.

ನಾಲ್ಕನೆಯ ದಿನ

ಅಕ್ಕನ ಪರಿಚಯದವರ ಹತ್ತಿರ ಒಂದು ಸೂಕ್ಷ್ಮದರ್ಶಕ ಇತ್ತು. ಗಾಜಿನ ಮೇಲಿನ ಪುಡಿಯನ್ನು ಚಿಟಿಕೆ ಕೆರೆದು, ಅಯೋಡಿನ್ ಇರುವ ಮೆಲ್ಜರ್ ದ್ರಾವಣದ ಒಂದು ಹನಿ ಹಾಕಿ ನೋಡಿದೆವು. ಬೀಜಕ ಒಂದೊಂದೂ ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ಚಿಕ್ಕದು. ಮೇಲ್ಮೈಯಲ್ಲಿ ಏರು ಗೆರೆಗಳು, ಅಲ್ಲಲ್ಲಿ ಕೂಡಿಕೊಂಡು ಹರಿದ ಬಲೆಯ ಹಾಗೆ. ಆ ಗೆರೆಗಳು ಮಾತ್ರ ನೀಲಿಗಪ್ಪಾಗಿದ್ದವು. ಲ್ಯಾಕ್ಟೇರಿಯಸ್, ರುಸುಲಾ ಎರಡರ ಗುರುತೂ ಇದೇ. ಆದರೆ ಡೆಲಿಸಿಯೋಸಸ್ ಯಾವುದು, ಡಿಟೆರಿಮಸ್ ಯಾವುದು ಅಂತ ಅಳತೆ ಹಿಡಿದು ಹೇಳಲು ಹೋದರೆ ಒಂದರ ಅಳತೆ ಇನ್ನೊಂದರ ಮೇಲೆ ಬೀಳುತ್ತದೆ. ಅಷ್ಟು ದೊಡ್ಡ ಯಂತ್ರಕ್ಕೆ ಆಗದ್ದನ್ನು ಎರಡು ಸೂಜಿ ಎಲೆ ಮತ್ತು ಮೊಬೈಲ್ ಗಡಿಯಾರ ಮಾಡಿದ್ದವು. ಇದು ನನಗೆ ಬಹಳ ಹಿಡಿಸಿತು.

ಹೊರಡುವ ಮುಂಚೆ ಒಣಗಿಸಿದ ಅಣಬೆಗಳಿಗೆ ಚೀಟಿ ಕಟ್ಟುವ ಕೆಲಸ. ಅಕ್ಕ ಬರೆಯುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ಎರಡನೆಯ ದಿನದವು ಸಲೀಸು. ಮರ, ಹಾಲಿನ ಬಣ್ಣ, ನಿಮಿಷ, ಕಾಂಡದ ಗುಳಿ, ಎಲ್ಲ ಇತ್ತು. ಮೊದಲ ದಿನದ ಆರನ್ನು ಹಾಲಿನ ಬಣ್ಣ, ಕಾಂಡ ನೋಡಿ ಎರಡು ಮತ್ತು ನಾಲ್ಕಾಗಿ ಬೇರೆ ಮಾಡಿದೆವು. ಆದರೂ ಅವಳು ಪ್ರತಿಯೊಂದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ನಾನು ತಕರಾರು ಮಾಡಲಿಲ್ಲ.

ಏಳನೆಯದು ಉಳಿಯಿತು. ಹಾಲಿಲ್ಲ, ಕಿವಿರು ಕಾಣುವುದಿಲ್ಲ, ಕಾಂಡವನ್ನೂ ಗಾರೆ ಮುಚ್ಚಿದೆ. ಮರ ಒಂದು ಗೊತ್ತಿದ್ದರೆ ಏನಾದರೂ ಹೇಳಬಹುದಿತ್ತು.

“ಇಳಿಜಾರಿನಲ್ಲಿ ಸಿಕ್ಕಿದ್ದಾ, ತಿರುವಿನಲ್ಲಾ?” ಅಂದಳು.

ನೆನಪು ಮಾಡಿಕೊಂಡೆ. ಬರಲಿಲ್ಲ.

ಅವಳು ಚೀಟಿಯಲ್ಲಿ ಬರೆದಳು: “ಲ್ಯಾಕ್ಟೇರಿಯಸ್, ಜಾತಿ ತಿಳಿಯದು. ಮರ: ತಮ್ಮ ನೋಡಲಿಲ್ಲ.”